ಪುಟದಿಂದ ಪರದೆಗೆ: ಹ್ಯಾರಿ ಪಾಟರ್ ಚಿತ್ರಗಳ ಕುರಿತು ಒಂದು ವಿಚಾರ

ಒಂದು ಕಥೆಯನ್ನು ಮೊದಲು ಓದಿ ಆಮೇಲೆ ನೋಡಿದವರೂ, ಮೊದಲು ನೋಡಿ ಆಮೇಲೆ ಓದಿದವರೂ ಒಂದೇ ಜಗಲಿಯಲ್ಲಿ ಕುಳಿತರೆ ವಾಗ್ವಾದ ತಪ್ಪಿದ್ದಲ್ಲ. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಗ್ರಂಥಮಾಲೆಯ ವಿಷಯದಲ್ಲಿ ಈ ವಾಗ್ವಾದ ಇಂದಿಗೂ ಮುಗಿದಿಲ್ಲ. 1997ರಿಂದ 2007ರ ವರೆಗಿನ ಹತ್ತು ವರ್ಷಗಳಲ್ಲಿ ಏಳು ಗ್ರಂಥಗಳು ಹೊರಬಂದವು. 2001ರಿಂದ 2011ರ ವರೆಗಿನ ಹತ್ತು ವರ್ಷಗಳಲ್ಲಿ ಅವು ಎಂಟು ಚಲನಚಿತ್ರಗಳಾದವು. ಅದೇ ಕಥೆಯನ್ನು ಮತ್ತೊಮ್ಮೆ, ಈ ಸಲ ಧಾರಾವಾಹಿಯಾಗಿ, ತೆರೆಗೆ ತರುವ ಸುದ್ದಿ 2023ರಲ್ಲಿ ಪ್ರಕಟವಾದಾಗ ಆರಿದಂತಿದ್ದ ಕೆಂಡ ಮತ್ತೆ ಹೊಗೆಯಾಡಿತು. ಹಳೆಯ ಚಿತ್ರಗಳು ಸಾಲದೇ, ಮತ್ತೇಕೆ ಎಂದು ಕೆಲವರು. ಹಳೆಯವು ಗ್ರಂಥಕ್ಕೆ ಮಾಡಿದ ಅನ್ಯಾಯ ಈಗಲಾದರೂ ಸರಿಹೋಗಲಿ ಎಂದು ಕೆಲವರು.

ಕನ್ನಡ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಆಂಗ್ಲ ಮಾಂತ್ರಿಕ ಬಾಲಕನಿಗೇನು ಕೆಲಸ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ಸದಸ್ಯರ ಮನೆಗಳ ಕಪಾಟುಗಳಲ್ಲಿ ಈ ದಪ್ಪ ಗ್ರಂಥಗಳು ಬಂದು ಕುಳಿತು ಇಪ್ಪತ್ತು ವರ್ಷಗಳು ಕಳೆದಿವೆ. ಅಂದು ಅವನ್ನು ದೀಪವಾರಿಸದೆ ಓದಿ ಬೈಸಿಕೊಂಡವರು ಇಂದು ತಾವೇ ತಂದೆತಾಯಿಗಳಾಗಿದ್ದಾರೆ. ಅಲ್ಲದೆ ಮೂಲಕ್ಕೆ ನಿಷ್ಠೆ ಎಷ್ಟಿರಬೇಕು, ಸ್ವಾತಂತ್ರ್ಯ ಎಷ್ಟಿರಬಹುದು ಎಂಬ ಪ್ರಶ್ನೆ ನಮಗೇನೂ ಹೊಸತಲ್ಲ. ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಇತಿವೃತ್ತವನ್ನು ಒಪ್ಪಿಸಿಬಿಡುವುದು ಕವಿಯ ಕಾರ್ಯವಲ್ಲ, ಅದು ಇತಿಹಾಸದಿಂದಲೇ ಸಿದ್ಧವಾಗುತ್ತದೆ. ರಸಕ್ಕೆ ಪ್ರತಿಕೂಲವಾದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು ಅನುಕೂಲವಾದುದನ್ನು ಕಲ್ಪಿಸಿಕೊಳ್ಳಬೇಕು ಎಂಬುದು ಅವನ ಮತದ ತಿರುಳು. ನಮ್ಮ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ. ರನ್ನನು ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಗದಾಯುದ್ಧದೊಳಗೆ ಅಡಗಿಸಿದ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಾವು ತಾಳಮದ್ದಳೆಯ ಅರ್ಥಧಾರಿ ಪ್ರಸಂಗದ ಪದ್ಯದಲ್ಲಿ ಇಲ್ಲದ ಮಾತನ್ನು ಗಂಟೆಗಟ್ಟಲೆ ಆಡಿದರೂ ಬೆಳಗಿನ ವರೆಗೆ ಕುಳಿತು ಕೇಳುತ್ತೇವೆ. ಆತ ಪಾತ್ರದ ಸ್ವಭಾವ ಮೀರಿದಾಗ ಮಾತ್ರ ನಮ್ಮಲ್ಲಿ ಯಾರೋ ಒಬ್ಬರು ಚಹಾದ ನೆಪದಲ್ಲಿ ಎದ್ದು ಹೋಗುವುದುಂಟು. ಬದಲಾಯಿಸಿದ್ದಕ್ಕಾಗಿಯೇ ಒಬ್ಬ ನಿರ್ದೇಶಕನನ್ನು ದೂರುವುದು ಆದಕಾರಣ ನಮಗೆ ಸಲ್ಲದು. ಬದಲಾವಣೆಯಿಂದ ಪಾತ್ರಕ್ಕೆ ಏನಾಯಿತು, ರಸಕ್ಕೆ ಏನಾಯಿತು ಎಂದು ಕೇಳಬೇಕು.

ಮೊದಲು ಒಂದಿಷ್ಟು ಲೆಕ್ಕ. ಎಂಟು ಚಿತ್ರಗಳನ್ನೂ ಒಂದಾದ ಮೇಲೊಂದರಂತೆ ನೋಡಿದರೆ ಇಪ್ಪತ್ತು ಗಂಟೆಗಳಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಎರಡನೆಯ ಗ್ರಂಥ ಬ್ರಿಟಿಷ್ ಮುದ್ರಣದಲ್ಲಿ 251 ಪುಟ; ಅದರ ಚಿತ್ರ 161 ನಿಮಿಷ, ಎಂಟರಲ್ಲಿ ಅತಿ ದೀರ್ಘ. ಐದನೆಯ ಗ್ರಂಥ 766 ಪುಟ, ಏಳರಲ್ಲಿ ಅತಿ ದೊಡ್ಡದು. ಅದರ ಚಿತ್ರ 138 ನಿಮಿಷ ಮಾತ್ರ, ಅದಕ್ಕಿಂತ ಕಿರಿದಾದದ್ದು ಕೊನೆಯ ಚಿತ್ರ ಒಂದೇ. ಗ್ರಂಥ ಬೆಳೆದಂತೆ ಚಿತ್ರ ಬೆಳೆಯಲಿಲ್ಲ. ಏಳನೆಯ ಗ್ರಂಥವನ್ನು ಎರಡು ಭಾಗವಾಗಿ ತೆಗೆದದ್ದು ನಿಜ, ಆದರೆ ಅಷ್ಟರೊಳಗೆ ನಡುವಿನ ಮೂರು ಗ್ರಂಥಗಳಿಂದ ಕಳೆದುಹೋದದ್ದು ಕಳೆದುಹೋಗಿತ್ತು. ಮೊದಲ ಎರಡು ಚಿತ್ರಗಳನ್ನು ಮೆಚ್ಚಿದ ಓದುಗರು ನಾಲ್ಕನೆಯದರಿಂದ ಮುಂದಕ್ಕೆ ಮುನಿಸಿಕೊಂಡದ್ದಕ್ಕೆ ಈ ಲೆಕ್ಕವೇ ಒಂದು ಮುಖ್ಯ ಕಾರಣ.

ಆ ಮೊದಲ ಎರಡನ್ನು ನಿರ್ದೇಶಿಸಿದವರು ಕ್ರಿಸ್ ಕೊಲಂಬಸ್. ಅವು ಗ್ರಂಥಕ್ಕೆ ಬಿಡಿಸಿದ ಬಣ್ಣದ ಚಿತ್ರಗಳಂತಿವೆ, ಸ್ವಂತ ಉಸಿರಿಲ್ಲ ಎಂಬುದು ಚಲನಚಿತ್ರ ಬಲ್ಲವರ ಟೀಕೆ. ನಾವು ಆ ಮಾತನ್ನು ಪೂರ್ತಿ ಒಪ್ಪಲಾರೆವು. ನಾಲ್ಕು ದಶಕಗಳ ಕಾಲ ಶಾಲೆಯ ಗಂಟೆಯ ಸದ್ದಿಗೆ ಎದ್ದು ಕುಳಿತವರಿಗೆ ಆ ಎರಡು ಚಿತ್ರಗಳಲ್ಲಿ ಒಂದು ಸತ್ಯ ಕಾಣುತ್ತದೆ. ಈ ಕಥೆ ಮಂತ್ರವಾದದ ಕಥೆಯಾಗುವ ಮೊದಲು ಶಾಲೆಯ ಕಥೆ. ಹಾಸ್ಟೆಲು, ವೇಳಾಪಟ್ಟಿ, ಮನೆಕೆಲಸ, ತಡವಾಗಿ ಬಂದವರಿಗೆ ಶಿಕ್ಷೆ, ವರ್ಷಾಂತ್ಯದ ಪರೀಕ್ಷೆ, ಊಟದ ಮನೆಯ ಗದ್ದಲ ಇವೆಲ್ಲ ಇದ್ದುದರಿಂದಲೇ ಹಾರುವ ಪೊರಕೆಯನ್ನೂ ಮಾತನಾಡುವ ಟೋಪಿಯನ್ನೂ ನಾವು ನಂಬುತ್ತೇವೆ. ಗ್ರಂಥಗಳಲ್ಲಿ ಈ ದಿನಚರಿ ಆರನೆಯದರ ತನಕ ತಪ್ಪದೆ ನಡೆಯುತ್ತದೆ. ಚಿತ್ರಗಳಲ್ಲಿ ಮೂರನೆಯದರಿಂದ ತರಗತಿಗಳು ಕ್ರಮೇಣ ತೆಳುವಾಗಿ, ಶಾಲೆಯು ಸಾಹಸದ ಹಿನ್ನೆಲೆಯ ಪರದೆಯಾಗುತ್ತ ಹೋಗುತ್ತದೆ.

ಮೂರನೆಯ ಚಿತ್ರದ ವಿಷಯದಲ್ಲಿ ಅಭಿಪ್ರಾಯಭೇದ ಅತಿ ತೀವ್ರ. ಎಂಟರಲ್ಲಿ ಇದೇ ಶ್ರೇಷ್ಠವೆಂದು ವಿಮರ್ಶಕರಲ್ಲಿ ಅನೇಕರು. ಗ್ರಂಥಕ್ಕೆ ಮೊದಲ ದ್ರೋಹ ಇದೇ ಎಂದು ಓದುಗರಲ್ಲಿ ಅನೇಕರು. ನಿರ್ದೇಶಕ ಅಲ್ಫಾನ್ಸೊ ಕುವಾರೋನ್ ಮೆಕ್ಸಿಕೋದವರು. ಕೆಲಸ ಆರಂಭಿಸುವ ಮುನ್ನ ಅವರು ಮೂವರು ಬಾಲನಟರಿಗೂ ನಿಮ್ಮ ನಿಮ್ಮ ಪಾತ್ರದ ಬಗ್ಗೆ ಪ್ರಬಂಧ ಬರೆದು ತನ್ನಿ ಎಂದರಂತೆ. ಹರ್ಮೈನಿಯ ಪಾತ್ರದ ಎಮ್ಮಾ ವಾಟ್ಸನ್ ಹಲವಾರು ಪುಟ ಬರೆದು ತಂದಳು. ಹ್ಯಾರಿಯಾದ ಡೇನಿಯಲ್ ರಾಡ್‌ಕ್ಲಿಫ್ ಒಂದು ಪುಟ ಬರೆದ. ರಾನ್ ಪಾತ್ರದ ರೂಪರ್ಟ್ ಗ್ರಿಂಟ್ ಬರೆಯಲೇ ಇಲ್ಲ. ಮೂವರೂ ತಮ್ಮ ತಮ್ಮ ಪಾತ್ರದಂತೆಯೇ ನಡೆದುಕೊಂಡರು! ಉಪಾಧ್ಯಾಯರಾದ ನಮಗೆ ಈ ನಿರ್ದೇಶಕರ ಮೇಲೆ ಗೌರವ ಮೂಡಲು ಇಷ್ಟೇ ಸಾಕಾಗಿತ್ತು. ಚಿತ್ರದಲ್ಲಿಯೂ ಅವರು ಋತುಗಳ ಬದಲಾವಣೆಯನ್ನು ಒಂದು ಮರದ ಮೂಲಕ ತೋರಿಸಿದ ಬಗೆ, ದೊಡ್ಡ ಗಡಿಯಾರವನ್ನು ಮತ್ತೆ ಮತ್ತೆ ತಂದ ಬಗೆ, ಕಾಲವೇ ವಸ್ತುವಾದ ಆ ಕಥೆಗೆ ಒಪ್ಪುತ್ತವೆ. ಪುಟದಲ್ಲಿ ಇಲ್ಲದಿದ್ದರೂ ಇವು ಪುಟದ ಅರ್ಥವನ್ನೇ ಹೇಳುತ್ತವೆ. ಆನಂದವರ್ಧನ ಬೇಡವೆನ್ನುತ್ತಿರಲಿಲ್ಲ.

ಆದರೆ ಅದೇ ಚಿತ್ರದಲ್ಲಿ ಒಂದು ನಕ್ಷೆಯಿದೆ. ಶಾಲೆಯೊಳಗೆ ಯಾರು ಎಲ್ಲಿ ನಡೆಯುತ್ತಿದ್ದಾರೆಂದು ತೋರಿಸುವ ಮಾಯಾನಕ್ಷೆ. ಅದನ್ನು ರಚಿಸಿದ ನಾಲ್ವರಲ್ಲಿ ಹ್ಯಾರಿಯ ತಂದೆಯೂ ಒಬ್ಬ, ಆತ ಜಿಂಕೆಯ ರೂಪ ತಾಳಬಲ್ಲವನಾಗಿದ್ದ ಎಂದು ಗ್ರಂಥ ತಿಳಿಸುತ್ತದೆ. ಸರೋವರದ ದಡದಲ್ಲಿ ಹ್ಯಾರಿಯ ಮಂತ್ರದಿಂದ ಬೆಳಕಿನ ಜಿಂಕೆ ಹೊಮ್ಮಿದಾಗ ತಂದೆಯಿಲ್ಲದ ಹುಡುಗನಿಗೆ ತಂದೆ ತನ್ನೊಳಗೇ ಇದ್ದಾನೆಂಬ ಅರಿವಾಗುವುದು ಇದರಿಂದ. ಚಿತ್ರ ಈ ವಿವರವನ್ನು ಹೇಳುವುದೇ ಇಲ್ಲ. ಎರಡು ವಾಕ್ಯಗಳಲ್ಲಿ ಹೇಳಬಹುದಾಗಿದ್ದ ಸಂಗತಿ. ಪುಸ್ತಕ ಓದದ ಪ್ರೇಕ್ಷಕನಿಗೆ ಜಿಂಕೆ ಸುಂದರವಾಗಿ ಕಾಣುತ್ತದೆ, ಅಷ್ಟೇ.

ಇನ್ನು ರಾನ್ ವೀಸ್ಲಿಯ ವಿಚಾರ. ನಮಗೆ ಅತ್ಯಂತ ನೋವು ತಂದ ಬದಲಾವಣೆ ಇದು. ಗ್ರಂಥದ ರಾನ್ ಬಡ ಮನೆಯ ಆರನೆಯ ಮಗ, ಅಣ್ಣಂದಿರ ಹಳೆಯ ಬಟ್ಟೆ, ಹಳೆಯ ಪುಸ್ತಕ, ಓದಿನಲ್ಲಿ ಸಾಧಾರಣ. ಮುಂಗೋಪಿ, ಮತ್ಸರವೂ ಉಂಟು. ಆದರೆ ಎದೆಗಾರ. ಮೊದಲನೆಯ ಗ್ರಂಥದಲ್ಲಿ ಬಳ್ಳಿಯೊಂದು ಹುಡುಗರಿಬ್ಬರನ್ನೂ ಸುತ್ತಿಕೊಂಡಾಗ, ಉಪಾಯ ತಿಳಿದಿದ್ದರೂ ಗಾಬರಿಯಲ್ಲಿ ಉರಿಸಲು ಕಟ್ಟಿಗೆಯಿಲ್ಲವೆಂದು ಕೈಹಿಸುಕುವವಳು ಹರ್ಮೈನಿ. ನೀನು ಮಾಂತ್ರಿಕಳಲ್ಲವೇ ಎಂದು ಗದರಿ ಎಚ್ಚರಿಸುವವನು ರಾನ್. ಚಿತ್ರದಲ್ಲಿ ಗಾಬರಿ ರಾನನದು, ಸಮಾಧಾನ ಹರ್ಮೈನಿಯದು. ಮೂರನೆಯ ಗ್ರಂಥದಲ್ಲಿ ಕಾಲು ಮುರಿದಿದ್ದರೂ ಎದ್ದು ನಿಂತು, ಕೊಲೆಗಡುಕನೆಂದು ನಂಬಿದ ವ್ಯಕ್ತಿಯ ಎದುರು ಗೆಳೆಯನಿಗೆ ಅಡ್ಡವಾಗುವವನು ರಾನ್. ಚಿತ್ರದಲ್ಲಿ ಆ ಮಾತು ಹರ್ಮೈನಿಯ ಪಾಲಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ತರಗತಿಯಲ್ಲಿ ಸ್ನೇಪ್ ಎಂಬ ಅಧ್ಯಾಪಕ ಹರ್ಮೈನಿಯನ್ನು ಎಲ್ಲರೆದುರು ಹೀಯಾಳಿಸಿದಾಗ ಗ್ರಂಥದ ರಾನ್ ಗುರುವಿಗೇ ಎದುರು ಮಾತನಾಡಿ ಶಿಕ್ಷೆಗೆ ಗುರಿಯಾಗುತ್ತಾನೆ. ಚಿತ್ರದ ರಾನ್, ಅವರು ಹೇಳುವುದರಲ್ಲೂ ಅರ್ಥವಿದೆ ಎಂದು ಸ್ನೇಪನ ಪಕ್ಷ ವಹಿಸುತ್ತಾನೆ. ಚಿತ್ರಮಂದಿರದಲ್ಲಿ ನಗು. ಒಂದು ನಗುವಿಗಾಗಿ ಒಬ್ಬ ಹುಡುಗನ ಚಾರಿತ್ರ್ಯವನ್ನು ತೆತ್ತಂತಾಯಿತು.

ಐದನೆಯದನ್ನುಳಿದು ಎಲ್ಲ ಚಿತ್ರಕಥೆಗಳನ್ನೂ ಬರೆದ ಸ್ಟೀವ್ ಕ್ಲೋವ್ಸ್ ತನಗೆ ಹರ್ಮೈನಿಯೇ ಅಚ್ಚುಮೆಚ್ಚು ಎಂದು ಹೇಳಿಕೊಂಡದ್ದುಂಟು. ಕವಿಗೆ ಪಾತ್ರದ ಮೇಲೆ ಪ್ರೀತಿ ತಪ್ಪಲ್ಲ. ಆದರೆ ಇದರಿಂದ ಹರ್ಮೈನಿಗೂ ಲಾಭವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಗ್ರಂಥದ ಹುಡುಗಿ ತಪ್ಪುತ್ತಾಳೆ, ಹೆದರುತ್ತಾಳೆ, ಪರೀಕ್ಷೆಯ ಮುನ್ನ ಸುತ್ತಲಿನವರ ತಲೆ ತಿನ್ನುತ್ತಾಳೆ, ಮನೆಗೆಲಸದ ಕುಬ್ಜರ ಹಕ್ಕಿಗಾಗಿ ಸಂಘ ಕಟ್ಟಿ ಎಲ್ಲರಿಂದ ನಗೆಪಾಟಲಾಗುತ್ತಾಳೆ. ಆ ಸಂಘ ಚಿತ್ರಗಳಲ್ಲಿ ಇಲ್ಲವೇ ಇಲ್ಲ. ಮೊದಲನೆಯ ಗ್ರಂಥದ ಕೊನೆಗೆ ಕೇವಲ ತರ್ಕದಿಂದ ಆಕೆ ಬಿಡಿಸುವ ಸೀಸೆಗಳ ಒಗಟನ್ನೂ ಚಿತ್ರ ಕೈಬಿಟ್ಟಿದೆ. ದೋಷಗಳನ್ನು ತೆಗೆದು ಇತರರ ಗುಣಗಳನ್ನು ತಂದು ಪೇರಿಸಿದ ಮೇಲೆ ಉಳಿಯುವುದು ರ‍್ಯಾಂಕ್ ವಿದ್ಯಾರ್ಥಿನಿ. ಯುವತಿಯರಲ್ಲಿ ಅನೇಕರು ಚಿತ್ರದ ಹರ್ಮೈನಿಯನ್ನೇ ತಮ್ಮ ಆದರ್ಶವಾಗಿ ಕಂಡದ್ದುಂಟು, ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೂ ಶಾಲೆಯೊಂದರ ಯೋಗ್ಯತೆ ಅದರ ಮೊದಲ ರ‍್ಯಾಂಕಿನಿಂದ ತಿಳಿಯುವುದಿಲ್ಲವೆಂದು ನಾವು ಬಲ್ಲೆವು. ಮಧ್ಯದ ಬೆಂಚಿನವನಿಗೂ ಹಿಂದಿನ ಬೆಂಚಿನವನಿಗೂ ಅಲ್ಲಿ ಎಷ್ಟು ಜಾಗವಿದೆ ಎಂದು ನೋಡಬೇಕು.

ಹಿಂದಿನ ಬೆಂಚಿನವನೆಂದರೆ ನೆವಿಲ್ ಲಾಂಗ್‌ಬಾಟಮ್. ಮರೆಗುಳಿ, ಅಂಜುಕುಳಿ, ಅಜ್ಜಿಯ ಗದರಿಕೆಯಲ್ಲಿ ಬೆಳೆದವನು. ಐದನೆಯ ಗ್ರಂಥದಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮೂವರು ಗೆಳೆಯರು ಆಸ್ಪತ್ರೆಯೊಂದರಲ್ಲಿ ಆಕಸ್ಮಿಕವಾಗಿ ಅವನನ್ನು ಕಾಣುತ್ತಾರೆ. ವೈರಿಗಳ ಚಿತ್ರಹಿಂಸೆಯಿಂದ ಬುದ್ಧಿಭ್ರಮಣೆಯಾದ ಅವನ ತಂದೆತಾಯಿ ಅಲ್ಲಿ ವರ್ಷಗಳಿಂದ ಇದ್ದಾರೆ. ಬಿಳಿಗೂದಲಿನ, ಕೃಶಳಾದ ತಾಯಿ ಮೆಲ್ಲನೆ ಬಂದು ಮಗನ ಕೈಯಲ್ಲಿ ಏನನ್ನೋ ಇಡುತ್ತಾಳೆ: ಚೂಯಿಂಗ್ ಗಮ್ಮಿನ ಖಾಲಿ ಕಾಗದ. ಕಸದ ಬುಟ್ಟಿಗೆ ಹಾಕು, ಇಂಥವು ಎಷ್ಟೋ ಆಗಿವೆ ಎಂದು ಅಜ್ಜಿ ಹೇಳುತ್ತಾಳೆ. ಹುಡುಗ ಅದನ್ನು ಯಾರಿಗೂ ತಿಳಿಯದಂತೆ ಜೇಬಿಗೆ ಸೇರಿಸುವುದನ್ನು ಹ್ಯಾರಿ ನೋಡುತ್ತಾನೆ. ಏಳು ಗ್ರಂಥಗಳ ಸಾವಿರಾರು ಪುಟಗಳಲ್ಲಿ ಕರುಣರಸ ಇದಕ್ಕಿಂತ ಸಾಂದ್ರವಾದ ಸ್ಥಳ ನಮಗೆ ಕಂಡಿಲ್ಲ. ಇಲ್ಲಿ ಯಾರೂ ಅಳುವುದಿಲ್ಲ, ಮಂತ್ರವಿಲ್ಲ, ಯುದ್ಧವಿಲ್ಲ. ಒಂದು ಕಾಗದದ ಚೂರು.

ಚಿತ್ರದಲ್ಲಿ ಆಸ್ಪತ್ರೆಯೂ ಇಲ್ಲ, ತಾಯಿಯೂ ಇಲ್ಲ. ನೆವಿಲ್ ಒಂದು ಹಳೆಯ ಭಾವಚಿತ್ರದ ಮುಂದೆ ನಿಂತು ತನ್ನ ತಂದೆತಾಯಿಗೆ ಹೀಗಾಯಿತು ಎಂದು ಹ್ಯಾರಿಗೆ ಹೇಳುತ್ತಾನೆ. ಮ್ಯಾಥ್ಯೂ ಲೂಯಿಸ್ ಎಂಬ ಆ ತರುಣ ಚೆನ್ನಾಗಿಯೇ ನಟಿಸಿದ್ದಾನೆ. ಆದರೆ ವಿಪರ್ಯಾಸವನ್ನು ನೋಡಿ: ಹೇಳುವ ಮಾಧ್ಯಮವಾದ ಗ್ರಂಥವು ತೋರಿಸಿತು, ತೋರಿಸುವ ಮಾಧ್ಯಮವಾದ ಚಿತ್ರವು ಬಾಯಿಮಾತಿನಲ್ಲಿ ಹೇಳಿ ಮುಗಿಸಿತು. ಸಮಯದ ಅಭಾವವೆಂಬ ಸಮಾಧಾನವನ್ನು ನಾವು ಇಲ್ಲಿ ಒಪ್ಪಲಾರೆವು, ಏಕೆಂದರೆ ಆ ದೃಶ್ಯಕ್ಕೆ ಬೇಕಾದದ್ದು ಎರಡೇ ನಿಮಿಷ. ಭವಿಷ್ಯವಾಣಿ ಹ್ಯಾರಿಯ ಬದಲು ನೆವಿಲನಿಗೂ ಅನ್ವಯಿಸಬಹುದಾಗಿತ್ತು ಎಂಬ ಮಹತ್ತ್ವದ ಸಂಗತಿಯನ್ನೂ ಚಿತ್ರ ಬಿಟ್ಟಿದೆ. ಹಿಂದಿನ ಬೆಂಚಿನವನೂ ನಾಯಕನಾಗಬಹುದಿತ್ತು ಎಂಬ ಮಾತು ಅದರೊಡನೆ ಹೋಯಿತು.

ನ್ಯಾಯವಾಗಿ ಹೇಳುವುದಾದರೆ, ಅದೇ ಐದನೆಯ ಚಿತ್ರದಲ್ಲಿ ಗ್ರಂಥವನ್ನು ಮೀರಿಸಿದ ಒಂದು ಅಂಶವೂ ಇದೆ. ಸರ್ಕಾರದಿಂದ ನೇಮಕಗೊಂಡು ಬಂದ ಡೊಲೊರೆಸ್ ಅಂಬ್ರಿಜ್ ಎಂಬ ಮಹಿಳೆ ದಿನಕ್ಕೊಂದು ಶೈಕ್ಷಣಿಕ ಆಜ್ಞೆ ಹೊರಡಿಸುತ್ತಾಳೆ. ಪ್ರಾಯೋಗಿಕ ಪಾಠ ಬೇಡ, ಪುಸ್ತಕ ಓದಿದರೆ ಸಾಕು. ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಕೂಡದು. ಚಿತ್ರದಲ್ಲಿ ಈ ಆಜ್ಞೆಗಳನ್ನೆಲ್ಲ ಚೌಕಟ್ಟು ಹಾಕಿ ಗೋಡೆಗೆ ಮೊಳೆ ಹೊಡೆಯುತ್ತ ಹೋಗುತ್ತಾರೆ. ಏಣಿ ಏರಿದಷ್ಟೂ ಗೋಡೆ ತುಂಬುತ್ತದೆ. ಕೊನೆಗೊಂದು ದಿನ ಅವಳಿ ಹುಡುಗರ ಪಟಾಕಿಯ ಅಬ್ಬರಕ್ಕೆ ಅವೆಲ್ಲ ಕಳಚಿ ಬಿದ್ದು ಪುಡಿಯಾಗುತ್ತವೆ. ಸುತ್ತೋಲೆಗಳ ಕಡತ ಹೊತ್ತು ನಿವೃತ್ತರಾದ ಯಾವ ಮುಖ್ಯೋಪಾಧ್ಯಾಯನಿಗೂ ಆ ಸದ್ದು ಕರ್ಣಾನಂದಕರವಾಗಿಯೇ ಕೇಳಿಸೀತು. ಗುಲಾಬಿ ಬಣ್ಣದ ಉಡುಪಿನಲ್ಲಿ ಸಕ್ಕರೆಯಂಥ ನಗೆ ನಗುವ ಇಮೆಲ್ಡಾ ಸ್ಟಾಂಟನ್ ಅವರ ಅಭಿನಯವನ್ನು ಗ್ರಂಥಪಕ್ಷಪಾತಿಗಳೂ ದೂರಿದ್ದನ್ನು ನಾವು ಕೇಳಿಲ್ಲ.

ಮುಖ್ಯೋಪಾಧ್ಯಾಯರ ಮಾತು ಬಂದಿತಾದ್ದರಿಂದ ಡಂಬಲ್‌ಡೋರ್ ಅವರ ಬಗ್ಗೆ ಹೇಳದಿರಲಾಗದು. ಮೊದಲೆರಡು ಚಿತ್ರಗಳಲ್ಲಿ ಆ ಪಾತ್ರ ವಹಿಸಿದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡ ಮೇಲೆ ಮೈಕಲ್ ಗ್ಯಾಂಬನ್ ಬಂದರು. ನಾಲ್ಕನೆಯ ಕಥೆಯಲ್ಲಿ ಸ್ಪರ್ಧೆಯ ಪಾತ್ರೆಯಿಂದ ಹ್ಯಾರಿಯ ಹೆಸರು ಅನಿರೀಕ್ಷಿತವಾಗಿ ಹೊರಬೀಳುತ್ತದೆ. ನೀನು ಹೆಸರು ಹಾಕಿದೆಯಾ ಎಂದು ಗ್ರಂಥದ ಡಂಬಲ್‌ಡೋರ್ ಶಾಂತವಾಗಿ ಕೇಳುತ್ತಾರೆ. ಚಿತ್ರದಲ್ಲಿ ಅವರು ಧಾವಿಸಿ ಬಂದು ಹುಡುಗನನ್ನು ಹಿಡಿದು ಅಲುಗಾಡಿಸಿ ಅಬ್ಬರಿಸುತ್ತಾರೆ. ಜಗತ್ತಿನಾದ್ಯಂತ ಓದುಗರು ಇದನ್ನು ಇಂದಿಗೂ ಹಾಸ್ಯ ಮಾಡುತ್ತಾರೆ. ನಟನ ಸಮರ್ಥಕರು, ಮಗುವಿನ ಪ್ರಾಣಕ್ಕೆ ಅಪಾಯವಿದ್ದಾಗ ಗುರುವಿಗೆ ಆತಂಕವಾಗದೇ ಎನ್ನುತ್ತಾರೆ. ಆತಂಕವಾಗುತ್ತದೆ, ಆದರೆ ಕೋಣೆಯಲ್ಲಿರುವ ಎಲ್ಲರೂ ದನಿಯೇರಿಸಿದಾಗ ದನಿಯೇರಿಸದ ಒಬ್ಬರು ಇದ್ದಾರೆಂಬ ಭರವಸೆಯೇ ಆ ಪಾತ್ರದ ಸತ್ತ್ವ. ಅದು ಔಚಿತ್ಯಭಂಗವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆರನೆಯ ಚಿತ್ರಕ್ಕೆ ಬರುವಾಗ ಗ್ಯಾಂಬನ್ ಪಾತ್ರದೊಳಗೆ ಇಳಿದಿದ್ದಾರೆ, ದಣಿವೂ ವಾತ್ಸಲ್ಯವೂ ಬೆರೆತ ಮುದುಕರಾಗಿದ್ದಾರೆ.

ಆರನೆಯದರ ಗೋಪುರದ ದೃಶ್ಯದಲ್ಲಿ ಮತ್ತೊಂದು ವ್ಯತ್ಯಾಸವಿದೆ, ಅದರ ಬಗ್ಗೆ ಹೆಚ್ಚು ಚರ್ಚೆಯಾಗಬೇಕಿತ್ತು. ಗ್ರಂಥದಲ್ಲಿ ಗುರು ಹ್ಯಾರಿಯನ್ನು ಮಂತ್ರದಿಂದ ಸ್ತಂಭಿತನನ್ನಾಗಿಸಿ ಅದೃಶ್ಯದ ಹೊದಿಕೆಯಡಿ ನಿಲ್ಲಿಸುತ್ತಾರೆ; ಕಣ್ಣೆದುರೇ ಅವರ ಹತ್ಯೆಯಾದರೂ ಆತ ಕೈಯೆತ್ತಲಾರ. ಚಿತ್ರದಲ್ಲಿ ಅವನಿಗೆ ಕೈಕಾಲು ಸ್ವತಂತ್ರ. ಅಡಗಿರು ಎಂಬ ಗುರುವಾಕ್ಯಕ್ಕೂ, ಸುಮ್ಮನಿರು ಎಂಬ ಸ್ನೇಪನ ಸನ್ನೆಗೂ ಕಟ್ಟುಬಿದ್ದು ನಿಲ್ಲುತ್ತಾನೆ. ಒಂದರಲ್ಲಿ ಅಸಹಾಯಕತೆ, ಇನ್ನೊಂದರಲ್ಲಿ ವಿಧೇಯತೆ. ಎರಡನೆಯದು ನಾಟಕೀಯವಾಗಿ ಕಟುವಾದದ್ದೆಂದು ಕೆಲವರು ವಾದಿಸುತ್ತಾರೆ: ತಡೆಯಬಹುದಿತ್ತೇನೋ ಎಂಬ ಕೊರಗು ಅವನಿಗೆ ಜೀವಮಾನವಿಡೀ ಇರುತ್ತದಲ್ಲ! ವಾದದಲ್ಲಿ ಹುರುಳಿದೆ. ಆದರೆ ಆ ಕೊರಗನ್ನು ಮುಂದಿನ ಚಿತ್ರಗಳು ಬಳಸಿಕೊಳ್ಳಲಿಲ್ಲ. ಬಿತ್ತಿದ ಮೇಲೆ ಕೊಯ್ಯದಿದ್ದರೆ ಬಿತ್ತಿದ್ದೇಕೆ?

ಕೊನೆಯ ಯುದ್ಧದ ಬಗ್ಗೆ ಬಹುಮಂದಿ ಓದುಗರ ದೂರನ್ನು ನಾವು ಪೂರ್ತಿ ಸಮರ್ಥಿಸುತ್ತೇವೆ. ಗ್ರಂಥದಲ್ಲಿ ಸೂರ್ಯೋದಯದ ಹೊತ್ತಿಗೆ, ಊಟದ ದೊಡ್ಡ ಸಭಾಂಗಣದಲ್ಲಿ, ಸಹಪಾಠಿಗಳೂ ಗುರುಗಳೂ ನೋಡುತ್ತಿರುವಂತೆ ಹ್ಯಾರಿ ಮತ್ತು ವೋಲ್ಡೆಮಾರ್ಟ್ ಎದುರುಬದುರಾಗುತ್ತಾರೆ. ಹ್ಯಾರಿ ವೈರಿಗೆ ಪಶ್ಚಾತ್ತಾಪದ ಕೊನೆಯ ಅವಕಾಶವನ್ನೂ ಕೊಡುತ್ತಾನೆ. ಸಾವನ್ನು ಗೆಲ್ಲಲು ಆತ್ಮವನ್ನೇ ತುಂಡರಿಸಿದವನು ಕೊನೆಗೆ ಎಲ್ಲರಂತೆ ಒಂದು ಹೆಣವಾಗಿ ನೆಲಕ್ಕೆ ಬೀಳುತ್ತಾನೆ. ಚಿತ್ರದಲ್ಲಿ ಇಬ್ಬರೇ ನಿರ್ಜನವಾದ ಅಂಗಳದಲ್ಲಿ ಸೆಣಸುತ್ತಾರೆ. ವೈರಿ ಸುಟ್ಟ ಕಾಗದದ ಹಕ್ಕಳೆಗಳಾಗಿ ಗಾಳಿಯಲ್ಲಿ ಕರಗುತ್ತಾನೆ. ನೋಟ ಸೊಗಸಾಗಿದೆ, ಅರ್ಥ ತಲೆಕೆಳಗಾಗಿದೆ. ಮನುಷ್ಯನಾಗಲು ಒಲ್ಲದವನು ಮನುಷ್ಯನಾಗಿಯೇ ಸತ್ತ ಎಂಬುದನ್ನು ಯಾರಾದರೂ ಕಣ್ಣಾರೆ ಕಾಣಬೇಡವೇ? ನಮ್ಮ ಗದಾಯುದ್ಧದಲ್ಲಿ ದುರ್ಯೋಧನ ಬೀಳುವಾಗ ಪಾಂಡವರಿದ್ದಾರೆ, ಕೃಷ್ಣನಿದ್ದಾನೆ, ಬಲರಾಮನಿದ್ದಾನೆ. ಸಾಕ್ಷಿಗಳಿಲ್ಲದ ಪತನಕ್ಕೆ ಇತಿಹಾಸವಿಲ್ಲ.

ಇಷ್ಟು ದೂರಿದ ಮೇಲೆ ಚಿತ್ರಗಳು ತಾವಾಗಿ ಸೇರಿಸಿದ ಒಳ್ಳೆಯದನ್ನೂ ಹೇಳಬೇಕು. ಏಳನೆಯದರ ಮೊದಲ ಭಾಗದ ಆರಂಭದಲ್ಲಿ ಹರ್ಮೈನಿ ತನ್ನ ತಂದೆತಾಯಿಯ ಸುರಕ್ಷೆಗಾಗಿ ಅವರ ನೆನಪಿನಿಂದ ತನ್ನನ್ನೇ ಅಳಿಸಿಹಾಕುತ್ತಾಳೆ. ಗೋಡೆಯ ಭಾವಚಿತ್ರಗಳಿಂದ ಮಗಳ ಮುಖ ಒಂದೊಂದಾಗಿ ಮರೆಯಾಗುತ್ತದೆ. ಗ್ರಂಥದಲ್ಲಿ ಇದು ಸಂಭಾಷಣೆಯ ನಡುವೆ ಬಂದುಹೋಗುವ ಮಾತು. ಅದೇ ಚಿತ್ರದಲ್ಲಿ ಮೂವರು ಸೋದರರ ಕಥೆಯನ್ನು ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಸುವ ನೆರಳುಚಿತ್ರಗಳಲ್ಲಿ ಹೇಳಿದ ಪರಿಯಂತೂ ಮನೋಹರ. ಡೇರೆಯಲ್ಲಿ ಹ್ಯಾರಿ ಮತ್ತು ಹರ್ಮೈನಿ ಕುಣಿಯುವ ದೃಶ್ಯವನ್ನು ಮಾತ್ರ ಒಪ್ಪುವವರೆಷ್ಟೋ ಬೈಯುವವರೂ ಅಷ್ಟೇ. ಇಬ್ಬರು ಹತಾಶ ಮಕ್ಕಳ ಒಂದು ಗಳಿಗೆಯ ಮರೆವು ಎಂದು ನಾವು ಅದನ್ನು ಕ್ಷಮಿಸಿದ್ದೇವೆ.

ಕಣ್ಣಿಗೆ ಕಂಡದ್ದು ಮನಸ್ಸಿನ ಚಿತ್ರವನ್ನು ಅಳಿಸಿಬಿಡುತ್ತದೆ ಎಂಬ ಸೂಕ್ಷ್ಮವಾದ ದೂರೂ ಒಂದಿದೆ. ಅಲನ್ ರಿಕ್ಮನ್ ಅವರ ಮುಖವಿಲ್ಲದ ಸ್ನೇಪನನ್ನು ಇಂದು ಕಲ್ಪಿಸಿಕೊಳ್ಳುವುದು ಕಷ್ಟ. ಮಹಾನಟ, ಆ ದನಿಗೆ ಸಮವಿಲ್ಲ. ಆದರೆ ಗ್ರಂಥದ ಸ್ನೇಪ್ ಕಥೆಯ ಆರಂಭದಲ್ಲಿ ಮೂವತ್ತೊಂದರ ಯುವಕ. ರಿಕ್ಮನ್ ಅವರಿಗೆ ಆಗ ಐವತ್ತೈದು. ಹ್ಯಾರಿಯ ತಂದೆತಾಯಿ ಸತ್ತಾಗ ಅವರಿಗೆ ಬರಿಯ ಇಪ್ಪತ್ತೊಂದು. ಕನ್ನಡಿಯಲ್ಲೂ ಭಾವಚಿತ್ರದಲ್ಲೂ ಚಿತ್ರ ತೋರಿಸುವುದು ನಡುವಯಸ್ಸಿನ ದಂಪತಿಗಳನ್ನು. ಸಣ್ಣ ವಿಷಯವೆನ್ನಬಹುದು. ಆದರೆ ಕಾಲೇಜು ಮುಗಿಸಿದ ವಯಸ್ಸಿನ ಇಬ್ಬರು ಮಕ್ಕಳು ತೊಟ್ಟಿಲ ಕೂಸನ್ನು ಉಳಿಸಲು ಹೋಗಿ ಸತ್ತರು ಎಂಬ ಅರಿವಿನಿಂದ ಕಥೆಯ ದುಃಖವೇ ಬೇರೆಯಾಗುತ್ತದೆ. ಸ್ನೇಪನ ಕಹಿಯೂ ಮುದುಕನ ಕಹಿಯಾಗದೆ, ಗಾಯ ಮಾಗದ ತರುಣನ ಕಹಿಯಾಗಿ ಕಾಣುತ್ತದೆ.

ಚಿತ್ರಗಳನ್ನಷ್ಟೇ ನೋಡಿ ಬೆಳೆದವರು ನಮ್ಮ ಮಾತಿಗೆ ಮುಖ ಸಿಂಡರಿಸಬೇಕಿಲ್ಲ. ಹತ್ತು ವರ್ಷ ಅದೇ ಮೂವರು ಮಕ್ಕಳು ತೆರೆಯ ಮೇಲೆ ಬೆಳೆದದ್ದು, ಅವರೊಡನೆ ನೋಡುವ ಮಕ್ಕಳೂ ಬೆಳೆದದ್ದು ಸಿನಿಮಾ ಚರಿತ್ರೆಯಲ್ಲಿ ಅಪರೂಪದ ಸಂಗತಿ; ಯಾವ ಗ್ರಂಥವೂ ಅದನ್ನು ಕೊಡಲಾರದು. ಆದರೂ ಸಂಘದ ಗ್ರಂಥಾಲಯದಲ್ಲಿ ಐದನೆಯ ಗ್ರಂಥದ ದಪ್ಪ ಕಂಡು ಹಿಂಜರಿಯುವ ಕಿರಿಯರಿಗೆ ನಾವು ಇಡೀ ಗ್ರಂಥವನ್ನು ಹೊರಿಸುವುದಿಲ್ಲ. ಇಪ್ಪತ್ಮೂರನೆಯ ಅಧ್ಯಾಯವನ್ನು ತೆರೆದು ಕೈಗಿಡುತ್ತೇವೆ. ಆಸ್ಪತ್ರೆಯ ಪ್ರಸಂಗ ಅಲ್ಲಿದೆ. ಹೊಸ ಧಾರಾವಾಹಿ ಆ ವರ್ಷದ ಕಥೆಗೆ ಬಂದಾಗ ನಾವು ಮೊದಲು ಹುಡುಕುವುದೂ ಆ ಕಾಗದದ ಚೂರನ್ನೇ.